ಗಂಗಾಳದ ಬಿಸಿಲು

ಬಂಗಾರಮ್ಮ ಅಂಗಳದಲ್ಲಿ ನಿಂತು ಕಂಚಿನ ಗಂಗಾಳವನ್ನು ಬಿಸಿಲಿಗೆ ಹಿಡಿದು ಒಂದಿಷ್ಟು ವಾಲಿಸಿದಳು. ಬಿಸಿಲಿನ ತುಣುಕು ಬೇಲಿ ಹಾರಿ, ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಓಡಾಡಿ, ಹಳದಿ ಲಂಗ ತೊಟ್ಟು ಕೂತಿದ್ದ ದುರ್ಗಾಂಬಿಕಾಳ ಮುಖದ ಮೇಲೆ ನಿಂತಿತು. ಹುಡುಗಿ ಕಣ್ಣು ಕಿರಿದು ಮಾಡಿ ಎದ್ದು ಬಂದಳು. ಹುಟ್ಟಿದಾಗಿನಿಂದ ಕಿವಿ ಕೇಳದ ಮೊಮ್ಮಗಳನ್ನು ಅಜ್ಜಿ ಕರೆಯುವುದು ಹೀಗೆ. ಆ ಗಂಗಾಳದಲ್ಲಿ ಉಣ್ಣುವುದನ್ನು ಮನೆಯವರು ಎಂದೋ ಬಿಟ್ಟಿದ್ದರು. ಆದರೂ ಅಜ್ಜಿ ಅದನ್ನು ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು.

ಸೋಮವಾರದಿಂದ ದುರ್ಗಿ ಶಾಲೆಗೆ ಹೋಗಿರಲಿಲ್ಲ. ಆಟಕ್ಕೆ ಯಾರೂ ಸೇರಿಸಿಕೊಳ್ಳುವುದಿಲ್ಲ; ಕೂಗಿದರೆ ಕೇಳದವಳನ್ನು ಕಟ್ಟಿಕೊಂಡು ಸೋಲುವವರು ಯಾರು. ಬಂಗಾರಮ್ಮ ಬೈದೂ ನೋಡಿದ್ದಳು, ಮುದ್ದು ಮಾಡಿಯೂ ನೋಡಿದ್ದಳು. ಇನ್ನೊಂದು ವಾರ ಹೀಗೇ ಹೋದರೆ ಹುಡುಗಿ ಈ ಬದುವಿನಲ್ಲೇ ಉಳಿದುಬಿಡುತ್ತಾಳೆ ಎಂಬ ಅಳುಕು ಎದೆಯಲ್ಲಿ ಕೂತಿತ್ತು.

ಅವತ್ತು ಶನಿವಾರ, ಮಕ್ಕಳು ಶಾಲೆಗೆ ಪುಸ್ತಕದ ಚೀಲ ತರಬೇಕಿಲ್ಲದ ದಿನ. ಪ್ರಮೀಳಾ ಟೀಚರು ಮೂರನೇ ಕ್ಲಾಸನ್ನೆಲ್ಲ ಹಿಂದೆ ಕಟ್ಟಿಕೊಂಡು ಅಂಗಳಕ್ಕೇ ಬಂದರು.

"ಬಂಗಾರಮ್ಮೋರೆ, ಆ ಗಂಗಾಳ ತಗೊಂಡು ಕೆರೆ ಏರಿಗೆ ಬರ್ರಿ. ದುರ್ಗೀನೂ ಕರ್ಕೊಂಡು ಬರ್ರಿ. ಇವತ್ತು ಬೆಳಕಿನ ಪಾಠ ಐತೆ."

"ನಂಗೇನು ತಿಳಿತೈತೆ ಟೀಚರಮ್ಮ, ಎರಡನೇ ಕ್ಲಾಸಿಗೇ ಎಮ್ಮೆ ಹಿಂದೆ ಹೋದೋಳು ನಾನು."

"ಬಾರಿಸಾಕೆ ಬರ್ತೈತಲ್ಲ, ಸಾಕು."

ದಾರಿಯುದ್ದಕ್ಕೂ ಮಕ್ಕಳು ಟೀಚರನ್ನು ಕಾಡಿದರು. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಹೋಗುತ್ತದೆ ಎಂದಾಗ ಯಾರ ಮುಖದಲ್ಲೂ ಏನೂ ಕಾಣಲಿಲ್ಲ.

"ನ್ಯಾಮತಿ ಬಸ್ಸಿಗಿಂತ ಜೋರಾ ಮಿಸ್?" ಎಂದ ಓಂಕಾರ್.

"ನೀನು ಬಸ್ ಹತ್ತಾಕೆ ಕಾಲು ಎತ್ತೋದ್ರೊಳಗೆ ಅದು ನ್ಯಾಮತಿಗೆ ಹೋಗಿ ಬಂದಿರ್ತೈತೆ."

"ಸ್ಟಾಪೇ ಇಲ್ವಾ ಅದಕ್ಕೆ?"

"ಇಲ್ಲ ಕಣೋ. ಆದ್ರೂ ಸೂರ್ಯನಿಂದ ಇಲ್ಲಿಗೆ ಬರಾಕೆ ಎಂಟು ನಿಮಿಷ ಹಿಡಿತೈತೆ. ಅಷ್ಟು ದೂರ."

ಬಂಗಾರಮ್ಮ ಸೆರಗು ಸರಿಸಿ ಮೇಲೆ ನೋಡಿದಳು. "ಹಂಗಾದ್ರೆ ಈ ಬಿಸ್ಲು ನಾವು ಮನೆ ಬಿಟ್ಟಾಗ ಹೊರಟಿದ್ದೇನು? ಪಾಪ, ನಮ್ಮ ಜೊತೀಗೇ ಬಂದೈತೆ."

ಟೀಚರು ಮಕ್ಕಳನ್ನು ಏರಿಯ ಈ ತುದಿಯಲ್ಲಿ ಕೂರಿಸಿ, ಬಂಗಾರಮ್ಮನನ್ನು ಆ ತುದಿಗೆ ಹೊರಡಿಸಿದರು. ಅಜ್ಜಿ ಬಾರಿಸಿದ ಕೂಡಲೇ ಕೈ ಎತ್ತಬೇಕು, ಅಷ್ಟೇ ಆಟ; ದುರ್ಗಿಗೆ ಅದನ್ನು ಸನ್ನೆಯಲ್ಲಿ ತೋರಿಸಿದರು.

"ದುರ್ಗಿ ಬ್ಯಾಡ ಮಿಸ್, ಅವಳಿಗೆ ಹೆಂಗೆ ಗೊತ್ತಾಗ್ತೈತೆ?" ಓಂಕಾರನ ಮಾತು ಬಂಗಾರಮ್ಮನ ಬೆನ್ನಿಗೆ ತಾಗಿತು. ಅವಳು ತಿರುಗಲಿಲ್ಲ.

ಆ ತುದಿಯಿಂದ ನೋಡಿದರೆ ಶನಿವಾರದ ಬಿಳಿ ಅಂಗಿಯ ಮಕ್ಕಳು ಕೊಕ್ಕರೆಗಳ ಹಾಗೆ ಕಂಡರು, ನಡುವೆ ಒಂದು ಹಳದಿ. ಅವರ ಒಂದು ಮಾತೂ ಇಲ್ಲಿಗೆ ಕೇಳುತ್ತಿರಲಿಲ್ಲ. ಅವಳು ಗಂಗಾಳವನ್ನು ಅವರ ಕಡೆಗೆ ಮಿಂಚುವಂತೆ ಹಿಡಿದು, ಮನೆಯಿಂದ ತಂದಿದ್ದ ಸೌಟಿನಿಂದ ಬಲವಾಗಿ ಹೊಡೆದಳು.

ಹಳದಿಯ ಕೈ ಎದ್ದಿತು. ಬಿಳಿಯವರ ಕೈಗಳು ಆಮೇಲೆ ಎದ್ದವು.

ಓಂಕಾರ್ ಎದ್ದು ನಿಂತು ದುರ್ಗಿಯ ಕಡೆ ಬೆರಳು ಮಾಡಿದ. ಮಿಕ್ಕವರು ಅವಳನ್ನು ಮುತ್ತಿದರು. ಸದ್ದು ಬರುವ ಮೊದಲೇ ಎತ್ತಿದಳು, ಕಳ್ಳಾಟ ಎನ್ನುತ್ತಿದ್ದಾರೆ ಎಂದು ಬಂಗಾರಮ್ಮನಿಗೆ ಇಲ್ಲಿಂದಲೇ ಹೊಳೆಯಿತು. ಈಗ ಹುಡುಗಿ ಎದ್ದು ಓಡುತ್ತಾಳೆ ಎಂದುಕೊಂಡಳು. ಆದರೆ ಟೀಚರು ಎಲ್ಲರನ್ನೂ ಕೂರಿಸಿ, ಇನ್ನೊಮ್ಮೆ ಎಂದು ಕೈ ಬೀಸಿದರು. ಯಾರೂ ಊಹೆ ಎನ್ನದಿರಲಿ ಎಂದು ಈ ಸಲ ಬಂಗಾರಮ್ಮ ಸೌಟು ಎತ್ತಿ ಸುಮ್ಮನೆ ನಿಂತಳು. ಕೈ ಸೋಲುವವರೆಗೂ ನಿಂತು, ಆಮೇಲೆ ಹೊಡೆದಳು.

ಮತ್ತೆ ಹಳದಿಯೇ ಮೊದಲು.

ಟೀಚರು ಏನೋ ಹೇಳುತ್ತಿದ್ದರು. ಒಂದು ಕೈ ಗಂಗಾಳದಿಂದ ಮಕ್ಕಳ ಕಡೆಗೆ ಹಕ್ಕಿಯ ಹಾಗೆ ಹಾರಿತು. ಇನ್ನೊಂದು ಎಮ್ಮೆಯ ಹಾಗೆ ಹಿಂದಿನಿಂದ ಬಂತು; ಬೆಳಕು ಮುಂದೆ, ಸದ್ದು ಹಿಂದೆ ಎನ್ನುತ್ತಿರಬೇಕು. ಓಂಕಾರ್ ತಲೆ ಕೆರೆದುಕೊಂಡ. ಆಮೇಲೆ ಹೋಗಿ ದುರ್ಗಿಯ ಪಕ್ಕಕ್ಕೆ ಒತ್ತಿ ಕೂತು, ಎರಡೂ ಕಿವಿಗೆ ಬೆರಳು ತುರುಕಿಕೊಂಡ. ಅವನನ್ನು ನೋಡಿ ಇನ್ನೊಬ್ಬ, ಇನ್ನೊಬ್ಬಳು. ಕೈ ಎತ್ತಲು ಯಾರಿಗೂ ಕೈಯೇ ಉಳಿಯಲಿಲ್ಲ. ಬಂಗಾರಮ್ಮ ಹೊಡೆದಳು. ಹಳದಿಯ ಜೊತೆಗೆ ಬಿಳಿಯವರೆಲ್ಲ ಒಂದೇ ಸಲಕ್ಕೆ ಎದ್ದು ನಿಂತರು.

ಆಟ ಮುಗಿಯುವಂತೆ ಕಾಣಲಿಲ್ಲ. ಬಿಸಿಲೇರಿತು, ಹಸಿವಿನ ಹೊತ್ತಾಯಿತು. ಬಂಗಾರಮ್ಮ ಸೌಟನ್ನು ಸೊಂಟಕ್ಕೆ ಸಿಕ್ಕಿಸಿ, ಗಂಗಾಳ ವಾಲಿಸಿ ಬಿಸಿಲಿನ ತುಣುಕನ್ನು ಮೊಮ್ಮಗಳ ಮುಖಕ್ಕೆ ಬಿಟ್ಟಳು.

ದುರ್ಗಿ ಕಣ್ಣು ಕಿರಿದು ಮಾಡಿ ಇತ್ತ ನೋಡಿದಳು. ನೀನು ಹೋಗು ಎಂಬಂತೆ ಕೈ ಆಡಿಸಿ, ಮತ್ತೆ ಹುಡುಗರ ಕಡೆ ತಿರುಗಿದಳು.

ಬಂಗಾರಮ್ಮ ಇನ್ನೊಂದು ಸಲ ವಾಲಿಸಲಿಲ್ಲ. ಏರಿಯ ಕಲ್ಲಿನ ಮೇಲೆ ಕೂತು ಗಂಗಾಳವನ್ನು ಮಡಿಲಲ್ಲಿ ಬೋರಲು ಹಾಕಿಕೊಂಡಳು. ಕಂಚು ಬೆಚ್ಚಗಿತ್ತು.