ದೌಲಪ್ಪ ಉಳಿಸಿದ ಬಾಕಿ

"ತಲಿ ಸ್ವಲ್ಪ ಈ ಕಡೆ ಹಿಡೀರಿ," ಎಂದು ಹಡಪದ ಶಿವರಾಯ ಹೆಣದ ಗದ್ದಕ್ಕೆ ನೀರು ಸವರಿ ಕತ್ತಿ ಎಳೆದ.

ಗೋಡೆಗೆ ಒರಗಿಸಿ ಕೂರಿಸಿದ್ದ ಮುನೀಮ ದೌಲಪ್ಪ ಬದುಕಿದ್ದಾಗಲೂ ಕ್ಷೌರಕ್ಕೆ ಹೀಗೆಯೇ ಅಲುಗಾಡದೆ ಕೂರುತ್ತಿದ್ದ. ಹಿಂದಿನ ಸಂಜೆ ಗಂಜ್ ಪೇಟೆಯಲ್ಲಿ ತಾನು ಲೆಕ್ಕ ಬರೆಯುವ ಅಡತಿ ಅಂಗಡಿಯಿಂದ ಬಂದು, ಒಂದು ಲೋಟ ನೀರು ಕುಡಿದು, ಎದೆ ಹಿಡಿದುಕೊಂಡು ಮಲಗಿದವನು ಮತ್ತೆ ಏಳಲಿಲ್ಲ. ಕತ್ತಿ ಒರೆಸಿಕೊಳ್ಳುತ್ತಿದ್ದ ಶಿವರಾಯನ ಮುಂದೆ ಹೆಂಡತಿ ಅಂಬಮ್ಮ ದುಡ್ಡು ಹಿಡಿದಳು.

"ಬ್ಯಾಡ್ರಿ ಅವ್ವಾ. ಮುನೀಮರು ಈ ತಿಂಗಳದ್ದು ಮೊದಲೇ ಕೊಟ್ಟು ಬಿಟ್ಟಾರ."

"ಅದು ಬದುಕಿದ್ದವರ ಕ್ಷೌರಕ್ಕ. ಇದು ಬ್ಯಾರೆ."

"ಗಡ್ಡ ಅದೇ ಅಲ್ಲೇನ್ರಿ?" ಎಂದು ಶಿವರಾಯ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಹಾಲಿನ ಭಾಗಮ್ಮ ದಿನದಂತೆ ಗಡಿಗೆ ಹೊತ್ತುಕೊಂಡು ಬಂದಳು. ಹೆಣದ ಮುಂದೆ ಕೂತು ಮನಸಾರೆ ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಪಾತ್ರೆ ಕೇಳಿದಳು.

"ಇವತ್ತ ಹಾಲು ಯಾರು ಕುಡೀಬೇಕವ್ವಾ?" ಎಂದಳು ಅಂಬಮ್ಮ.

"ಕುಡೀಲಿ ಬಿಡ್ಲಿ, ಯಕ್ಕಾ. ರೊಕ್ಕ ಮುಟ್ಟ್ಯಾವ. ನಾ ತಿಂಗಳ ಮುಗಿಯೂತನ ಹಾಕಾಕಿನೇ. ಇಲ್ಲಂದ್ರ ಮುನೀಮರು ನನ್ನ ಕನಸಿನ್ಯಾಗ ಬಂದು ಕುಂದರ್ತಾರ."

ಬಾಗಿಲ ಬಳಿ ನಿಂತಿದ್ದ ಮನೆ ಮಾಲಕರೂ ಬಾಡಿಗೆ ದೀಪಾವಳಿಯ ತನಕ ಮುಟ್ಟಿದೆಯೆಂದು ತಾವಾಗಿಯೇ ಹೇಳಿದರು. ಬೇರೆ ಕಡೆ ಯಾರಾದರೂ ಸತ್ತರೆ ಊರೆಲ್ಲ ಬಾಕಿ ವಸೂಲಿಗೆ ಬರುತ್ತದೆ. ದೌಲಪ್ಪನ ಅಂಗಳದಲ್ಲಿ ನೆರೆದವರೆಲ್ಲ ತಾವೇ ಅವನಿಗೆ ಬಾಕಿ ಎಂದು ತಲೆ ಬಗ್ಗಿಸಿ ಕೂತಿದ್ದರು.

ಇನ್ನು ಬರಬೇಕಾದವನು ಒಬ್ಬನೇ, ಕಮಲಾಪುರದ ತಮ್ಮ ಸಾಯಬಣ್ಣ. ಮಕ್ಕಳಿಲ್ಲದ ದೌಲಪ್ಪನಿಗೆ ಮಣ್ಣು ಕೊಡಬೇಕಾದವನು ಅವನೇ. ರಾತ್ರಿಯೇ ಕುದುರೆಯ ಮೇಲೆ ಆಳು ಹೋಗಿದ್ದ.

"ಅಂವ ಯಾವತ್ತ ಹೊತ್ತಿಗೆ ಸರಿಯಾಗಿ ಬಂದಾನ?" ಎಂದು ಅಂಬಮ್ಮ ಗೊಣಗಿದಳು. ಮೈದುನನೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಪ್ರತಿ ಹುಣ್ಣಿಮೆಗೆ ಅವನು ಬಾಳೆಗೊನೆಯ ಬಂಡಿಯ ಜೊತೆ ಕಲಬುರಗಿಗೆ ಬರುತ್ತಿದ್ದ. ಕಟ್ಟೆಯ ಮೇಲೆ ಕೂತು ಅಣ್ಣನೊಡನೆ ಓಣಿಗೆಲ್ಲ ಕೇಳುವಂತೆ ಜಗಳಾಡುತ್ತಿದ್ದ; ಬೈಗುಳ ಎಲ್ಲರಿಗೂ ಕೇಳುತ್ತಿತ್ತು, ಕಾರಣ ಬಂದಾಗ ಮಾತ್ರ ಇಬ್ಬರೂ ದನಿ ತಗ್ಗಿಸುತ್ತಿದ್ದರು. ಆಮೇಲೆ ಹೊಟ್ಟೆ ತುಂಬ ಉಂಡು, ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಇಟ್ಟು ಹೋಗುತ್ತಿದ್ದ. ಏನು ಜಗಳವೆಂದು ಕೇಳಿದರೆ ದೌಲಪ್ಪ "ತ್ವಾಟದ ಮಾತು" ಎಂದು ತೇಲಿಸಿಬಿಡುತ್ತಿದ್ದ. ಸಾಲ ಕೇಳಲು ಬರುತ್ತಾನೆ, ಇವರು ನಾಚಿ ಹೇಳುವುದಿಲ್ಲ ಎಂದು ಅಂಬಮ್ಮ ತೀರ್ಮಾನಿಸಿದ್ದಳು.

*

ಯಾರಿಗಾದರೂ ಕೊಡುವುದು ಉಳಿದಿದ್ದರೆ ದೌಲಪ್ಪನಿಗೆ ಅನ್ನ ಸೇರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನಿಗೆ ಸಾಲ ಕೊಟ್ಟವರು ಕಮಲಾಪುರದ ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗಿದ್ದು ಅವನ ಕಿವಿಯಲ್ಲಿ ಹಾಗೆಯೇ ಕೂತುಬಿಟ್ಟಿತ್ತು. ತನ್ನ ಬಾಗಿಲಿಗೆ ಬಂದು ಯಾರೂ ಕೂಗಬಾರದು, ಇದೊಂದೇ ಅವನ ಹಟ. ಅದಕ್ಕಾಗಿ ಅವನೇ ಊರವರ ಬಾಗಿಲಿಗೆ ಹೋಗಿ ದುಡ್ಡು ತಗೊಳ್ಳಿರೆಂದು ಕೂಗುತ್ತಿದ್ದ. ಎಮ್ಮೆ ಇನ್ನೂ ಈದಿಲ್ಲ ಎಂದು ಭಾಗಮ್ಮ ಗೋಗರೆದರೂ ಹಾಲಿನ ದುಡ್ಡು ಕೊಟ್ಟು ಬಂದಿದ್ದ. ಮೋಮಿನಪುರದಲ್ಲಿ ಪಾತ್ರೆಗೆ ಕಲಾಯಿ ಹಾಕುವ ಇಮಾಮುದ್ದೀನನಂತೂ ದುಡ್ಡು ಇಸಿದುಕೊಂಡು, ಪಾತ್ರೆ ಎಲ್ಲಿ ಎಂದು ಅವನ ಹಿಂದೆಯೇ ಓಡಿ ಬಂದಿದ್ದ. ಅವರ ಗೆಳೆತನ ಶುರುವಾದದ್ದೇ ಹಾಗೆ.

ಅಂಬಮ್ಮನಿಗೆ ತನ್ನದೇ ಒಂದು ಕಟ್ಟಳೆ ಇತ್ತು. ದೀಪ ಹಚ್ಚಿದ ಮೇಲೆ ಮನೆಯ ದುಡ್ಡು ಹೊಸ್ತಿಲು ದಾಟಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ. ಹೀಗಾಗಿ ಸಂಜೆ ಅವಳು ಬತ್ತಿ ಹೊಸೆಯುವುದು ಕಂಡರೆ ಸಾಕು, ದೌಲಪ್ಪ ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದ.

"ಒಂದೀಟು ತಡೀ, ಎಣ್ಣಿ ಅಂಗಡಿದು ಕೊಟ್ಟು ಬರ್ತೀನಿ!"

"ಲಕ್ಷ್ಮಿ ನಮ್ಮನ್ಯಾಗ ಕಾಲಿಡಾಕ ಹೆದರ್ತಾಳ್ರಿ. ಕುಂತ ಕೂಡಲೆ ನೀವು ಎಬ್ಬಿಸಿ ಕಳಸ್ತೀರಿ," ಎಂದು ಅಂಬಮ್ಮ ಬತ್ತಿಯನ್ನು ಬೇಕೆಂದೇ ನಿಧಾನವಾಗಿ ಹೊಸೆಯುತ್ತಿದ್ದಳು.

ಒಮ್ಮೆ ಇಮಾಮುದ್ದೀನನ ಅಪ್ಪ ತೀರಿಕೊಂಡಾಗ ದೌಲಪ್ಪ ಮೋಮಿನಪುರಕ್ಕೆ ಹೋಗಿದ್ದ. ಅಲ್ಲಿ ಮಣ್ಣು ಕೊಡುವ ಮುಂಚೆ ಮಗ ನಿಂತು, ನಮ್ಮ ಅಪ್ಪನಿಂದ ಯಾರಿಗಾದರೂ ಬರುವುದಿದ್ದರೆ ನನಗೆ ಹೇಳಿ ಎಂದು ಎಲ್ಲರೆದುರು ಕೇಳಿದ. ದೌಲಪ್ಪ ಮದುವೆ ಊಟ ಉಂಡವನ ಹಾಗೆ ಖುಷಿಯಿಂದ ಮನೆಗೆ ಬಂದ.

"ಎಂಥಾ ಚಂದ ಪದ್ಧತಿ ನೋಡು! ನಾ ಸತ್ತಾಗ ನೀನೂ ಹಂಗೇ ಕೇಳಬೇಕು."

"ನೀವು ಸಾಯೂದೂ ಮುಂಗಡಾನೇ ಏನು?" ಎಂದಳು ಅಂಬಮ್ಮ. ಆದರೂ ಅವನು ಆಣೆ ಹಾಕಿಸಿಕೊಳ್ಳುವ ತನಕ ಬಿಡಲಿಲ್ಲ.

*

ಸಾಯಬಣ್ಣ ಮಧ್ಯಾಹ್ನ ಇಳಿಯುವಾಗ ಬಂದ. ಅಂಗಳದಿಂದಲೇ "ಅಣ್ಣಾ" ಎಂದು ಎದೆ ಬಡಿದುಕೊಂಡ. ದೌಲಪ್ಪನನ್ನು ಹೂವಿನ ವಿಮಾನ ಕಟ್ಟಿದ ಚಟ್ಟದಲ್ಲಿ ಕೂರಿಸಿ, ಭಜನೆಯೊಂದಿಗೆ ರುದ್ರಭೂಮಿಗೆ ಒಯ್ದರು. ಕುಣಿ ತೋಡಿ ಸಿದ್ಧವಾಗಿತ್ತು. ಅಯ್ಯನವರು ವಿಭೂತಿ, ಬಿಲ್ವಪತ್ರೆ ಹೊಂದಿಸಿಕೊಂಡು, ಇನ್ನು ಇಳಿಸಿರಿ ಎನ್ನುವಷ್ಟರಲ್ಲಿ ಅಂಬಮ್ಮ ಮುಂದೆ ಬಂದಳು.

"ತಡೀರಿ. ಇವರಿಂದ ಯಾರಿಗಾದ್ರೂ ಬರೂದಿದ್ರ ಈಗ ಹೇಳ್ರಿ. ಇಲ್ಲೇ ಕೊಡ್ತೀನಿ."

"ಇದು ನಮ್ಮ ಪದ್ಧತಿ ಅಲ್ಲ, ಅವ್ವಾ," ಎಂದರು ಅಯ್ಯನವರು.

"ಇವರ ಪದ್ಧತಿ ಅದ ರೀ."

ಅಂಬಮ್ಮ ಸುತ್ತಲೂ ನೋಡಿದಳು. ಸುತ್ತ ನೆರೆದವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಇಂಥ ಗಂಡನ ಜೊತೆ ಬಾಳಿದೆನಲ್ಲ ಎಂದು ಅಳುವಿನ ನಡುವೆಯೂ ಅವಳ ಎದೆ ಉಬ್ಬಿತು. ಆಗ ಕುಣಿಯ ಆಚೆ ದಂಡೆಯಿಂದ ಸಾಯಬಣ್ಣನ ದನಿ ಬಂತು.

"ನನಗ ಬರಬೇಕು. ಎರಡು ರೂಪಾಯಿ."

ಎಲ್ಲರೂ ಒಮ್ಮೆಲೇ ಬಾಯಿ ಮಾಡಿದರು.

"ಹೆಣದ ಮುಂದ ರೊಕ್ಕ ಕೇಳ್ತೀಯೇನೋ!" ಎಂದು ಶಿವರಾಯ ಕೂಗಿದ.

"ಸುಳ್ಳು! ಎಮ್ಮಿ ಈಯೂದರಾಗ ರೊಕ್ಕ ಕೊಟ್ಟ ಮನಷ್ಯಾ ಇಂವಂದು ಇಟಗೊಂಡಾನೇನು?" ಎಂದು ಭಾಗಮ್ಮ ಮೈಮೇಲೆ ಹೋದಳು.

ಅಂಬಮ್ಮ ಗಂಡನ ಕಡೆ ತಿರುಗಿ ನೋಡಿದಳು. ತಿಂಗಳು ತಿಂಗಳೂ ಓಣಿಗೆ ಕೇಳುವಂತೆ ಕೂಗುತ್ತಿದ್ದದ್ದು ಇದಕ್ಕೇನು? ಯಾವುದಕ್ಕೆ ಹೆದರಿ ಇವರು ಜೀವಮಾನವೆಲ್ಲ ಓಡಾಡಿದರೋ ಅದು ಇವರ ಕಟ್ಟೆಯ ಮೇಲೆಯೇ ಕೂತು ಉಂಡು ಹೋಗುತ್ತಿತ್ತೇ?

"ಖರೇ ಅದ, ಭಾಬಿ," ಎಂದ ಇಮಾಮುದ್ದೀನ್, ಗುಂಪಿನಿಂದ ಮುಂದೆ ಬಂದು. "ಆ ಕೊಪ್ಪರಗಿಗೆ ಕಲಾಯಿ ಹಾಕಿದಾಂವ ನಾನು. ನನಗ ಗೊತ್ತದ."

*

ಅದು ಅಂಬಮ್ಮ ಮದುವೆಯಾಗಿ ಬರುವ ಮುಂಚಿನ ಮಾತು. ಅಣ್ಣತಮ್ಮಂದಿರು ಪಾಲಾದಾಗ ಹೊಲ, ತೋಟ, ಎತ್ತು ಎಲ್ಲ ಸರಿಯಾಗಿ ಹಂಚಿಹೋಗಿ, ಅವ್ವ ನೀರು ಕಾಸುತ್ತಿದ್ದ ತಾಮ್ರದ ಕೊಪ್ಪರಿಗೆ ಒಂದು ಉಳಿಯಿತು. ಅದನ್ನು ಕಡಿದು ಹಂಚಲು ಬರುವುದಿಲ್ಲ. ದೌಲಪ್ಪ ಒಯ್ಯಲಿ, ತಮ್ಮನಿಗೆ ಅರ್ಧ ಬೆಲೆ ಎರಡು ರೂಪಾಯಿ ಹುಣ್ಣಿಮೆಯೊಳಗೆ ಕೊಡಲಿ ಎಂದು ಪಂಚರು ಹೇಳಿದರು. ಅಷ್ಟಕ್ಕೇ ಮಾತು ಬೆಳೆದು, ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ಇಬ್ಬರೂ ಬೆನ್ನು ತಿರುಗಿಸಿದರು.

ದೌಲಪ್ಪ ಕಲಬುರಗಿಗೆ ಬಂದವನೇ ದುಡ್ಡು ಕಳಿಸುವವನಿದ್ದ. ಆದರೆ ಜ್ವರ ಬಂದು ಹಾಸಿಗೆ ಹಿಡಿದ. ಹುಟ್ಟಿದ ಮೇಲೆ ಮೊದಲ ಬಾರಿಗೆ ಗಡುವು ತಪ್ಪಿತು. ಮುಖ ನೋಡುವುದಿಲ್ಲ ಎಂದಿದ್ದ ತಮ್ಮ ಬಾಕಿ ಕೇಳಲು ಬಾಗಿಲಿಗೇ ಬಂದ. ಬಂದವನು ಅಣ್ಣನ ಹಣೆ ಮುಟ್ಟಿ ನೋಡಿ, ಇಡೀ ದಿನ ಕಾಲ ಬಳಿ ಕೂತು, ಬೈದು ಹೋದ.

ಆ ಎರಡು ರೂಪಾಯಿ ಆಗ ದೌಲಪ್ಪನ ದಿಂಬಿನ ಕೆಳಗೇ ಇದ್ದವು. "ಇದನ್ನ ಕೊಟ್ಟರ ಅಂವ ಮತ್ತ ಯಾಕ ಬಂದಾನು?" ಎಂದು ಮರುದಿನ ಅವನು ಇಮಾಮುದ್ದೀನನನ್ನು ಕೇಳಿದ್ದ. ಅಂದಿನಿಂದ ಪ್ರತಿ ಹುಣ್ಣಿಮೆಗೆ ತಮ್ಮ ಬಂದು ಕೇಳುವುದು, ಅಣ್ಣ ಮುಂದಿನ ಹುಣ್ಣಿಮೆಗೆ ಎನ್ನುವುದು ನಡೆದೇ ಇತ್ತು.

*

ಇಮಾಮುದ್ದೀನ್ ಹೇಳಿದ್ದನ್ನೆಲ್ಲ ಅಂಬಮ್ಮ ಕೇಳಿದಳು. ಹುಣ್ಣಿಮೆಯ ದಿನ ಅಂಗಡಿಗೆ ರಜೆ ಹಾಕಿ, ಬೆಳಗಿನಿಂದ ನೂರು ಸಲ ಬಾಗಿಲಿಗೆ ಹೋಗಿ ಬರುತ್ತಿದ್ದ ಗಂಡ ಅವಳ ಕಣ್ಣಿಗೆ ಕಟ್ಟಿದ. ಅವಳಿಗೆ ನಗು ಬಂತು. ಸೆರಗಿನ ಗಂಟು ಬಿಚ್ಚಿ, ಎರಡು ರೂಪಾಯಿ ತೆಗೆದು, ಕುಣಿಯ ಸುತ್ತ ಹೋಗಿ ಮೈದುನನ ಮುಂದೆ ಹಿಡಿದಳು.

ಸಾಯಬಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಇವತ್ತ ಬ್ಯಾಡ, ವೈನಿ."

"ನೀನೇ ಕೇಳಿದೆಲ್ಲೋ!"

"ಕೇಳೂದು ಕೇಳ್ತೀನಿ. ಸುಮ್ಮನಿದ್ರ ಮುಗದು ಹೋಗ್ತದಲ್ರಿ. ಆದ್ರ ಇವತ್ತ ಇಸಗೊಳ್ಳಂಗಿಲ್ಲ," ಎಂದವನೇ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. "ಕೊಟ್ಟುಬಿಟ್ರ ಇನ್ನ ಮ್ಯಾಲ ನಾ ಯಾರ ಮನಿಗಿ ಬರಲಿ?"

"ಮುನೀಮರು ಬಿಸಲಾಗ ಕುಂತಾರ. ಏನರೆ ಒಂದು ಬಗೀಹರಸ್ರಿ," ಎಂದರು ಅಯ್ಯನವರು.

"ನಮ್ಮಲ್ಲಿ ಮನಿಯವರು ಯಾರಾದ್ರೂ ಆ ಬಾಕಿ ನನ್ನ ಮ್ಯಾಲ ಇರಲಿ ಅಂದ್ರ ಸಾಕು, ಹೋಗಾಂವಗ ಬಿಡುಗಡಿ," ಎಂದ ಇಮಾಮುದ್ದೀನ್.

ಅಂಬಮ್ಮ ತಿರುಗಿ, ಗಂಡನ ಹತ್ತಿರ ಹೋಗಿ, ಅವನ ಹಣೆಯ ವಿಭೂತಿ ಸರಿಮಾಡಿದಳು.

"ಕೇಳಿದ್ರೇನ್ರಿ? ಸಾಯಬಣ್ಣಂದು ಇನ್ನ ನನ್ನ ಮ್ಯಾಲ. ನೀವು ಹೋಗ್ರಿ."

ದೌಲಪ್ಪನನ್ನು ಇಳಿಸಿದರು. ಸಾಯಬಣ್ಣ ಮೊದಲ ಹಿಡಿ ಮಣ್ಣು ಕೊಟ್ಟ. ಎಲ್ಲ ಮುಗಿದು, ಬಾವಿಯ ಕಟ್ಟೆಯ ಬಳಿ ಜನ ಕೈಕಾಲು ತೊಳೆಯುತ್ತಿದ್ದಾಗ ಅಂಬಮ್ಮ ಆ ಎರಡು ರೂಪಾಯಿಯನ್ನು ಮತ್ತೆ ಸೆರಗಿನ ತುದಿಗೆ ಕಟ್ಟತೊಡಗಿದಳು. ಒಂದು ಗಂಟು ಹಾಕಿದಳು. ಸಾಲದೆಂದು ಇನ್ನೊಂದು ಹಾಕಿದಳು. ಪಕ್ಕದಲ್ಲಿ ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದ ಸಾಯಬಣ್ಣ ಕಣ್ಣಂಚಿನಿಂದ ನೋಡುತ್ತಲೇ ಇದ್ದ.

"ಇನ್ನಾ ಬಿಗಿ ಕಟ್ರಿ, ವೈನಿ," ಅಂದ.