ಗುರುತಿನ ಚೀಟಿಯ ಹಿಂಬದಿ

ಚಾಂದ್ರಮಾನ ಹೊಸ ವರ್ಷದ ಉದ್ದ ರಜೆಯನ್ನು ಸರಿದೂಗಿಸಲು ಆ ಶನಿವಾರವೂ ಕೆಲಸವಿತ್ತು. ಹಾಗಂತ ತೈಪೆಯ ಆ ಪರದೆ ಕಂಪನಿಯಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಪೂರ್ವ ಕರಾವಳಿಯವರಿಗೆಂದೇ ಬಿಡುವ ಹಬ್ಬದ ರೈಲಿನ ಟಿಕೆಟ್ಟು ಅವತ್ತು ಹತ್ತು ಗಂಟೆಗೆ ತೆರೆಯುತ್ತಿತ್ತು. ಗುರುತಿನ ಚೀಟಿಯಲ್ಲಿ ಆ ಕಡೆಯ ವಿಳಾಸ ಇದ್ದವರಿಗೆ ಮಾತ್ರ ಆ ರೈಲು.

"ನಂದಾಯ್ತು ಕಣೇ," ಎಂದಳು ಪಕ್ಕದ ಮೇಜಿನ ಕ್ವೇಮಿಯನ್. "ಕಿಟಕಿ ಸೀಟು. ಇನ್ನು ಅತ್ತೆ ಮುಖ ನೋಡೋದೊಂದೇ ಕಷ್ಟ. ನಿಂದು?"

ಸುಯುನ್ ಮೂರನೇ ಸಲ ತನ್ನ ನಂಬರು ಒತ್ತಿದಳು. ಮೂರನೇ ಸಲವೂ ಅದೇ ಉತ್ತರ: ನೀವು ಈ ಊರಿನ ನಿವಾಸಿಯಲ್ಲ.

"ನನ್ನ ಗುರುತೇ ಇಲ್ಲ ಅಂತಿದೆ, ಅಕ್ಕ."

"ನಂಬರ್ ತಪ್ಪು ಒತ್ತಿರ್ತೀಯ. ಕನಸು ಕಾಣ್ಕೊಂಡು ಕೂತಿರೋಳಲ್ವಾ ನೀನು. ಚೀಟಿ ತೆಗೆದು ನೋಡು." ಕ್ವೇಮಿಯನ್ ಚಹಾ ತರಲು ಎದ್ದು ಹೋದಳು.

ಸುಯುನ್ ಚೀಟಿ ತೆಗೆದಳು. ನಂಬರು ಸರಿಯಾಗಿಯೇ ಇತ್ತು. ತಿರುಗಿಸಿದಳು. ಪೂರ್ವ ಕರಾವಳಿಯ ತೈತುಂಗಿನ ತವರುಮನೆಯ ವಿಳಾಸವಿರಬೇಕಾದಲ್ಲಿ, ತೈಪೆ ಪಕ್ಕದ ತಾವ್‌ಯುವಾನಿನ ಚಿಕ್ಕಮ್ಮನ ಮನೆಯ ವಿಳಾಸವಿತ್ತು.

ಎರಡು ತಿಂಗಳ ಹಿಂದೆ ಅಮ್ಮ, "ಮನೆ ತೆರಿಗೆ ಕಾಗದಕ್ಕೆ ಬೇಕಂತೆ, ನಿನ್ನ ಚೀಟಿ, ಮೊಹರು ಎರಡೂ ಕಳಿಸು ಮಗಳೇ," ಎಂದಿದ್ದಳು. ಸಹಿಗೆ ಬದಲು ಒತ್ತುವ ತನ್ನ ಮೊಹರು ತೆರಿಗೆಗೆ ಯಾಕೆ ಎಂದು ಸುಯುನ್ ಕೇಳಿರಲಿಲ್ಲ. ಅವು ಹಿಂತಿರುಗಿದ್ದು ಸೀತಾಫಲದ ಡಬ್ಬದೊಳಗೆ, ಹಣ್ಣುಗಳ ನಡುವೆ ಬೆಚ್ಚಗೆ ಸುತ್ತಿಕೊಂಡು. ಹಣ್ಣು ಎಷ್ಟು ಸಿಹಿಯಿತ್ತೆಂದರೆ ಚೀಟಿಯನ್ನು ನೋಡದೆಯೇ ಪರ್ಸಿಗೆ ತುರುಕಿದ್ದಳು. ಸ್ವಂತ ಹೆಸರಿನ ಹಿಂಬದಿಯನ್ನು ಯಾರು ತಿರುಗಿಸಿ ನೋಡುತ್ತಾರೆ?

ಮೆಟ್ಟಿಲ ಬಳಿ ನಿಂತು ಫೋನು ಹಚ್ಚಿದಳು.

"ಟಿಕೆಟ್ ಸಿಗ್ಲಿಲ್ವಾ ಮಗಳೇ?" ಅಮ್ಮ ತಾನೇ ಮೊದಲು ಕೇಳಿದಳು. ವರ್ಷದ ಕೊನೆಗೆ ಒಲೆದೇವರು ಮೇಲಿನ ಲೋಕಕ್ಕೆ ಚಾಡಿ ಹೇಳಲು ಹೊರಟಾಗ ಅವನ ಬಾಯಿಗೆ ಸಿಹಿ ಪಾಕ ಸವರಿ ಕಳಿಸುತ್ತಾರೆಂದು ಅಜ್ಜಿ ಹೇಳುತ್ತಿದ್ದಳು. ಅಮ್ಮನ ದನಿಯಲ್ಲಿ ಅಂಥದೇ ಅಂಟಿತ್ತು.

"ಚೀಟಿ ಹಿಂದೆ ನೋಡ್ದೆ, ಅಮ್ಮ."

ಅತ್ತ ಅಮ್ಮ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು.

"ನಿಮ್ಮಣ್ಣನ ವಸತಿಗೃಹ ಚಂಡಮಾರುತ ಆದ್ಮೇಲೆ ಖಾಲಿ ಹೊಡೀತಿದೆ," ಎಂದಳು. "ಗುಡಿಯವ್ರು ಹೇಳಿದ್ರು, ಗಂಡನ್ನ ಬಿಟ್ಟು ಬಂದ ಮಗಳು ವರ್ಷದ ಕಡೇ ರಾತ್ರಿ ಊಟಕ್ಕೆ ತವರಲ್ಲಿ ಕೂತ್ರೆ ಅಣ್ಣತಮ್ಮಂದಿರ ಅನ್ನ ತೆಳ್ಳಗಾಗುತ್ತೆ ಅಂತ. ಮೂರು ವರ್ಷದಿಂದ ಕೂರ್ತಿದೀಯಲ್ಲ. ನಿಮ್ಮತ್ತಿಗೆ ದಿನಾ ಅಳ್ತಾಳೆ."

"ಬರ್ಬೇಡ ಅನ್ನಬಹುದಿತ್ತು."

"ಹೆತ್ತೋಳ ಬಾಯಲ್ಲಿ ಹೇಗೆ ಅನ್ಲೇ? ಟಿಕೆಟ್ ಸಿಗದಿದ್ರೆ ಯಾರೂ ಏನೂ ಅನ್ನೋ ಹಾಗಿರ್ಲಿಲ್ಲ. ನಿನ್ ಮನಸ್ಸೂ ನೋಯ್ತಿರ್ಲಿಲ್ಲ."

"ಯೋಚನೆ ಯಾರದು? ಅಣ್ಣಂದಾ?"

"ಅವನಿಗೆಲ್ಲಿ ಹೊಳೀಬೇಕು ಇಂಥದ್ದು," ಎಂದಳು ಅಮ್ಮ, ಸ್ವಲ್ಪ ಹೆಮ್ಮೆಯಿಂದಲೇ. ಆಮೇಲೆ ತಡವರಿಸಿ, "ಹಬ್ಬದ ಎರಡನೇ ದಿನ ಬಾ. ಹೆಣ್ಮಕ್ಕಳು ತವರಿಗೆ ಬರೋ ದಿನ. ಮೀನಿನ ತಲೆ ನಿಂಗೇ ಎತ್ತಿಡ್ತೀನಿ."

"ಅವತ್ತು ಗಂಡನ ಮನೆಯಿಂದ ಬರ್ತಾರಮ್ಮ. ನಾನು ಯಾವ ಮನೆಯಿಂದ ಬರ್ಲಿ?"

"ಚಿಕ್ಕಮ್ಮನ ಮನೆಯಿಂದ. ಅದಕ್ಕೇ ತಾನೆ ಅಲ್ಲಿ ಬರೆಸಿದ್ದು. ಅವಳೂ ಒಪ್ಪಿದಾಳೆ."

ಅಂದರೆ ಚಿಕ್ಕಮ್ಮನಿಗೂ ಗೊತ್ತಿತ್ತು. ಹೋದ ತಿಂಗಳು ಇಬ್ಬರೂ ಒಟ್ಟಿಗೆ ಕೂತು ನೂಡಲ್ಸ್ ತಿಂದಿದ್ದರು. ಸುಯುನ್ ಫೋನು ಇಟ್ಟಳು.

ಕ್ವೇಮಿಯನ್ ಎರಡು ಲೋಟ ಹಿಡಿದು ಮೆಟ್ಟಿಲ ಬಳಿಗೇ ಬಂದಳು. "ಏನಾಯ್ತೇ? ಸಿಕ್ತಾ?"

ಹೇಳಬೇಕೆಂದುಕೊಂಡಳು. ಹೇಳಿದರೆ ಅಮ್ಮನ ಹೆಸರು ಸೋಮವಾರದೊಳಗೆ ಇಡೀ ಆಫೀಸಿನ ಬಾಯಿಗೆ ಬೀಳುತ್ತಿತ್ತು.

"ಇಲ್ಲ ಅಕ್ಕ. ಎಲ್ಲಾ ಮುಗಿದೋಗಿತ್ತು."

"ಛೇ. ಪಾಪ, ನಿಮ್ಮಮ್ಮ ದಾರಿ ಕಾಯ್ತಿರ್ತಾರೆ."

"ಹೌದು," ಎಂದಳು ಸುಯುನ್. "ಟಿಕೆಟ್ ಸಿಗ್ಲಿಲ್ವಾ ಅಂತ ಆಗ್ಲೇ ಕೇಳಿದ್ರು."