ಕುದುರೆಯ ಬೆನ್ನು, ಹೆಂಡತಿಯ ತಪ್ಪು

ಕುದುರೆ ಗಂಡನನ್ನು ಕೆಡವಿದ್ದಕ್ಕೆ ಹೆಂಡತಿ ತಪ್ಪೊಪ್ಪಿಕೊಳ್ಳಬೇಕಂತೆ. ಅತ್ತೆಯ ಬಾಯಿಂದ ಈ ಮಾತು ಬಂದಾಗ ಕಾಹಿ ಮುಸುಕಿನ ಜೋಳ ಕುಟ್ಟುತ್ತಿದ್ದಳು. ಒನಕೆ ನಿಲ್ಲಲಿಲ್ಲ; ಏಟು ಮಾತ್ರ ಜೋರಾಯಿತು.

ಪಸೋಲಾ ಹತ್ತಿರ ಬಂದಿತ್ತು. ಕಡಲ ಬದಿಯ ಬಯಲಿನಲ್ಲಿ ಎರಡು ಕಡೆಯ ಗಂಡಸರು ಕುದುರೆ ಓಡಿಸುತ್ತ ಒಬ್ಬರ ಮೇಲೊಬ್ಬರು ಮೊಂಡು ಈಟಿ ಎಸೆಯುವ ದಿನ ಅದು. ಅಲ್ಲಿ ಬಿದ್ದವನ ಮನೆಯಲ್ಲಿ ಮುಚ್ಚಿಟ್ಟ ಪಾಪವೊಂದು ಇದ್ದೇ ಇರುತ್ತದೆ, ಹಿರಿಯರ ಆತ್ಮಗಳಾದ ಮರಾಪುಗಳ ಕಣ್ಣಿಗೆ ಅದು ಕಂಡೇ ಕಾಣುತ್ತದೆ ಎಂದು ಊರಿನ ನಂಬಿಕೆ. ಆದರೆ ಕಾಹಿಯ ಗಂಡ ರೇಹಿ ಬಿದ್ದದ್ದು ಬಯಲಿನಲ್ಲಲ್ಲ, ತನ್ನ ಅಂಗಳದಲ್ಲೇ. ಅದೂ ಎರಡೆರಡು ಸಲ. ಅವನು ಬೆನ್ನೇರಿದ ಕೂಡಲೇ ಅವನ ಕುದುರೆ ರಾರಾ ಸೊಂಟ ಕುಸಿದು, ಕಿವಿಗಳನ್ನು ಹಿಂದಕ್ಕೆ ಮಡಚಿ, ಮರುಗಳಿಗೆಯೇ ಬಿಲ್ಲಿನಂತೆ ಬೆನ್ನೆತ್ತಿ ಒಗೆದುಬಿಟ್ಟಿತ್ತು. ಅಂಗಳದಲ್ಲೇ ಹೀಗಾದರೆ ತಪ್ಪು ಮನೆಯ ಹೆಂಗಸಿನದು ಎಂದು ಊರ ಪೂಜಾರಿ ರಾತೋ ತೋಂಗೊ ಹೇಳಿ ಹೋಗಿದ್ದ.

"ಬಾಯಿಬಿಟ್ಟು ಹೇಳ್ಬಿಡಮ್ಮ. ಒಂದು ಕೋಳಿ ಕೊಯ್ದ್ರೆ ಮುಗೀತು. ನನ್ ಮಗ ಬಯಲಲ್ಲಿ ಬಿದ್ರೆ ಕೋಳೀಲಿ ಮುಗಿಯಲ್ಲ," ಎಂದಳು ಅತ್ತೆ. ಕಾಹಿ ತವರಿನಿಂದ ಒಬ್ಬಳೇ ಉಪ್ಪಿನ ವ್ಯಾಪಾರಿಯ ಟ್ರಕ್ಕಿನಲ್ಲಿ ಬಂದಿಳಿದದ್ದನ್ನೂ ನೆನಪಿಸಿದಳು.

"ಏನಂತ ಹೇಳ್ಲಿ ಅತ್ತೆ? ನೀವೇ ಒಬ್ಬ ಗಂಡಸಿನ ಹೆಸರು ಆರಿಸ್ಕೊಡಿ, ಹೇಳ್ತೀನಿ."

ರೇಹಿ ಅಲ್ಲೇ ಜಗಲಿಯಲ್ಲಿ ಊದಿದ ಮೊಣಕಾಲು ಚಾಚಿಕೊಂಡು ಅಡಿಕೆ ಕತ್ತರಿಸುತ್ತಿದ್ದ. ನನ್ನ ಹೆಂಡತಿ ಅಂಥವಳಲ್ಲ ಎಂದು ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ಅತ್ತೆಯ ಮಾತು ಬರೀ ಚುಚ್ಚಿತ್ತು. ಅವನ ಮೌನ ಸುಟ್ಟಿತು.

ಒನಕೆ ಗೋಡೆಗೊರಗಿಸಿ ಕಾಹಿ ಕುದುರೆಯ ಬಳಿಗೆ ಹೋದಳು. ಕತ್ತಿನ ಬುಡದಿಂದ ಬೆನ್ನಮೂಳೆಯುದ್ದಕ್ಕೂ ಬೆರಳ ತುದಿಗಳನ್ನು ಮೆಲ್ಲಗೆ ಒತ್ತುತ್ತ ಬಂದಳು. ಹೆಗಲು ದಾಟಿದ ಮೇಲೆ ಒಂದು ಜಾಗದಲ್ಲಿ ಚರ್ಮ ಅದುರಿತು. ಪ್ರಾಣಿ ಉಸಿರು ಬಿಗಿಹಿಡಿದು ಕೆಳಕ್ಕೆ ಕುಗ್ಗಿತು. ಮೇಲೆ ಗಾಯವಿಲ್ಲ, ಹುಣ್ಣಿಲ್ಲ. ಅವಳಿಗೆ ತನ್ನ ಬಾಣಂತನ ನೆನಪಾಯಿತು. ಸೊಂಟ ಮುಟ್ಟಿದರೆ ಆಗ ಅವಳೂ ಹೀಗೇ ಕುಗ್ಗುತ್ತಿದ್ದಳು. ಆ ನೋವಿಗೆ ಈ ಮನೆ ಇಟ್ಟ ಹೆಸರು ಸೊಕ್ಕು.

ಸವಾರಿಗೆ ಕುದುರೆಯ ಬೆನ್ನಿಗೆ ಹೊದಿಸುವ, ಬೂರುಗದ ಅರಳೆ ತುಂಬಿದ ಮೆತ್ತೆಯನ್ನು ತಿರುವಿ ನೋಡಿದಳು. ಹಬ್ಬದ ಅಲಂಕಾರದ ಕುಚ್ಚು ಗೆಜ್ಜೆಗಳ ಭಾರ ತಡೆಯಲೆಂದು ರೇಹಿ ಈ ವರ್ಷ ನಟ್ಟನಡುವೆ ದಪ್ಪ ದಾರದಲ್ಲಿ ಹೊಲಿದಿದ್ದ. ಅರಳೆಯೆಲ್ಲ ಅಂಚಿಗೆ ಸರಿದು ಹೊಲಿಗೆ ನೇರ ಮೂಳೆಯ ಮೇಲೆ ಕೂರುತ್ತಿತ್ತು. ಸಾಲದ್ದಕ್ಕೆ ಅವನು ಬೆಳಗಿನ ಚಳಿಯಲ್ಲೇ ಒಂದೇ ಎಳೆತಕ್ಕೆ ಹೊಟ್ಟೆಹಗ್ಗ ಬಿಗಿದು, ದಾರಿಯಲ್ಲಿ ಹೋಗುವವರೆಲ್ಲ ನೋಡಲಿ ಎಂದು ಚಂಗನೆ ಹಾರಿ ಕೂರುವವನು.

ಅದನ್ನೆಲ್ಲ ತೋರಿಸಿ ಹೇಳಿದಾಗ ರೇಹಿ ನಕ್ಕ. "ರಾರಾ ಏನು ಹೆಂಗಸಾ, ಮುಟ್ಟಿದ್ರೆ ನೋವು ಅನ್ನೋಕೆ?"

ಅವಳು ಮೆತ್ತೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟಳು. ಬಾಯಿ ತೆರೆದರೆ ಬರೀ ಬೈಗುಳ ಬರುತ್ತಿತ್ತು.

ಅಂದಿನಿಂದ ಬೆಳಿಗ್ಗೆ ಸಂಜೆ ಬಿಸಿನೀರಿನ ಬಟ್ಟೆಯಿಂದ ಆ ಜಾಗಕ್ಕೆ ಶಾಖ ಕೊಟ್ಟಳು. ಯಾರನ್ನೂ ಹತ್ತಗೊಡಲಿಲ್ಲ. ಮೆತ್ತೆ ಬಿಚ್ಚಿ ಎರಡು ಸುರುಳಿ ಮಾಡಿ, ನಡುವೆ ಮೂಳೆಗೆ ಏನೂ ತಾಕದಂತೆ ಹೊಲಿದಳು. ನೋವು ಇಳಿದ ಮೇಲೆ ಅದನ್ನು ಹೊದಿಸಿ, ಹಗ್ಗ ಸಡಿಲವಾಗಿ ಕಟ್ಟಿ ಅಂಗಳ ಸುತ್ತಿಸಿದಳು. ತುಸು ಬಿಗಿದು ಮತ್ತೆ ಸುತ್ತಿಸಿದಳು. ಕೊನೆಗೆ ಕಲ್ಲಿನ ಮೇಲೆ ನಿಂತು, ಮೊದಲು ತೋಳಿನ ಭಾರ, ಆಮೇಲೆ ಹೊಟ್ಟೆಯ ಭಾರ ಬಿಟ್ಟು, ಮೆಲ್ಲಗೆ ಕುಳಿತಳು. ರಾರಾ ಕಿವಿ ನಿಮಿರಿಸಿಕೊಂಡು ನಿಂತೇ ಇತ್ತು.

ಅತ್ತೆ ಇದನ್ನು ಕಂಡಳು. ಮರುದಿನ ಊರೆಲ್ಲ ಒಂದೇ ಸುದ್ದಿ: ಕಾಹಿ ಕುದುರೆಯ ಕಿವಿಯಲ್ಲಿ ಮರಾಪುಗಳ ಮುಂದೆ ಎಲ್ಲ ಒಪ್ಪಿಕೊಂಡಳಂತೆ, ಅವರು ಕ್ಷಮಿಸಿದರಂತೆ. ಬಾವಿಕಟ್ಟೆಯಲ್ಲಿ ಒಬ್ಬಳು ಕೊಡ ಇಳಿಸಿ ಹತ್ತಿರ ಸರಿದು, "ಯಾರು ಅಂತ ನಮಗಾದ್ರೂ ಹೇಳೇ," ಎಂದಳು. ಉಳಿದವರು ಹೆಗಲು ಕುಣಿಸಿ ನಕ್ಕರು. ಕಾಹಿ ಕೊಡ ಎತ್ತಿಕೊಂಡ ರಭಸಕ್ಕೆ ಅರ್ಧ ನೀರು ಕಾಲ ಮೇಲೆ ಚೆಲ್ಲಿತು. ವಾಸಿ ಮಾಡಿದ್ದೂ ಅವಳ ತಪ್ಪಿಗೇ ಸಾಕ್ಷಿಯಾಗಿತ್ತು.

ಪಸೋಲಾದ ಬೆಳಿಗ್ಗೆ ಅಂಗಳದಲ್ಲಿ ಜನ ನೆರೆದಿದ್ದರು. ರೇಹಿ ಕೆಂಪು ರುಮಾಲು ಸುತ್ತಿ ಬಂದಾಗ ಕಾಹಿ ಕುದುರೆಯ ಹಗ್ಗ ಹಿಡಿದು ನಿಂತಿದ್ದಳು, ಮೆತ್ತೆ ಅವಳ ಹೆಗಲ ಮೇಲಿತ್ತು.

"ಹೊತ್ತಾಯ್ತು, ಕಟ್ಟು," ಎಂದ.

"ಮೊದ್ಲು ಹೇಳು. ಬೆನ್ನು ನೋಯಿಸಿದ್ದು ನಿನ್ನ ಹೊಲಿಗೆ, ನಿನ್ನ ಹಾರಾಟ. ನನ್ನ ಹತ್ರ ಒಪ್ಪಿಕೊಳ್ಳೋಕೆ ಏನೂ ಇರ್ಲಿಲ್ಲ ಅಂತ. ರಾತೋ ಮುಂದೆ, ನಿಮ್ಮಮ್ಮನ ಮುಂದೆ."

"ಆಮೇಲೆ ಮಾತಾಡೋಣ ಕಣೇ."

"ಆಮೇಲೆ ನೀನು ಗೆದ್ದಿರ್ತೀಯ. ಗೆದ್ದೋನಿಗೆ ನೆನಪಿರಲ್ಲ."

ಅವಳ ಹೆಗಲಿನಿಂದ ಮೆತ್ತೆ ಕಿತ್ತುಕೊಳ್ಳುವುದು ಅವನಿಗೆ ಕಷ್ಟವಿರಲಿಲ್ಲ. ಆದರೆ ಕಿತ್ತುಕೊಂಡು, ಅವಸರದಲ್ಲಿ ಬಿಗಿದು, ಇಷ್ಟು ಜನರೆದುರು ಇನ್ನೊಮ್ಮೆ ಬೀಳುವುದನ್ನು ನೆನೆದನೇನೋ. ಕುದುರೆಯನ್ನು ನೋಡಿದ, ತಾಯಿಯನ್ನು ನೋಡಿದ. ಕೊನೆಗೆ ನೆಲ ನೋಡುತ್ತ ಏನೋ ಗೊಣಗಿದ.

"ಏನಂದೆ?" ಎಂದು ರಾತೋ ಕಿವಿಗೆ ಕೈ ಹಿಡಿದ.

"ಇನ್ನೊಂದ್ಸಲ ಹೇಳ್ತಾನೆ, ಕೇಳಿಸ್ಕೊಳ್ಳಿ," ಎಂದಳು ಕಾಹಿ.

ರೇಹಿ ಗಂಟಲು ಸರಿಮಾಡಿಕೊಂಡು ಹೇಳಿದ, ಈ ಸಲ ಬೇಲಿಯಾಚೆಯವರಿಗೂ ಕೇಳುವಂತೆ. ಹೊಲಿಗೆ ತನ್ನದು, ಹಾರಾಟ ತನ್ನದು, ಅವಳದೇನೂ ಇಲ್ಲ. ರಾತೋ ಎಲೆಯಡಿಕೆ ಉಗಿದು, ಮರಾಪುಗಳು ಹೊಲಿಗೆಯಲ್ಲೂ ಮಾತಾಡುತ್ತಾರೆ ಎಂದು ಜಾರಿಕೊಂಡ. ಅದೂ ಅವಳ ಮೈಯುರಿಸಿತು. ಆದರೂ ಹಗ್ಗವನ್ನು ಅವಸರದಲ್ಲಿ ಬಿಗಿಯಲಿಲ್ಲ. ಸಡಿಲವಾಗಿ ಕಟ್ಟಿ ಸುತ್ತಿಸಿ, ಮತ್ತೆ ಬಿಗಿದು ಸುತ್ತಿಸಿ, ಅಷ್ಟೂ ಜನರನ್ನು ಬಿಸಿಲಲ್ಲಿ ಕಾಯಿಸಿದಳು. ಆಮೇಲಷ್ಟೇ ಅವನು ಹಾರದೆ, ಹಣ್ಣು ಮುದುಕನಂತೆ ಮೆಲ್ಲಗೆ ಕುಳಿತ. ಕುದುರೆ ಅಲುಗಲಿಲ್ಲ.

ಸವಾರರು ಬಯಲಿನ ಕಡೆ ಹೊರಟ ಮೇಲೆ ಅತ್ತೆ ಸುಣ್ಣದ ಡಬ್ಬಿ ಮುಚ್ಚುತ್ತ, "ಈಗ ತಣ್ಣಗಾಯ್ತಾ?" ಎಂದಳು.

"ಇಲ್ಲ ಅತ್ತೆ. ಸುದ್ದಿ ಹಬ್ಬಿಸಿದ್ದು ನೀವು. ನಾಳೆ ಬಾವಿ ಹತ್ರ ನೀವೂ ಇದನ್ನೇ ಹೇಳ್ಬೇಕು."

ಅತ್ತೆ ಒಳಗೆ ಹೋಗಲು ಎದ್ದಳು. ಕಾಹಿ ಬಾಗಿಲಿಗೆ ಅಡ್ಡ ನಿಂತು ಉತ್ತರಕ್ಕೆ ಕಾದಳು.